ಬಿ ಖಾತಾ, ಎನ್‌ಎ, ಕಡಲಂಚಿನ ಗೆರೆ: ಉತ್ತರ ಕನ್ನಡದಲ್ಲಿ ಮನೆ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಿವೇಶನ ಮತ್ತು ಭೂಬಳಕೆಯ ಕುರಿತು ವಿಧಾನಮಂಡಲದಲ್ಲಿ ಒಂದು ತಿದ್ದುಪಡಿ ಅಂಗೀಕಾರವಾದರೆ ಅದರ ಬಿಸಿ ಮೊದಲು ತಟ್ಟುವುದು ನಗರಸಭೆಯ ಕಂದಾಯ ವಿಭಾಗಕ್ಕೆ ಮತ್ತು ಪಂಚಾಯಿತಿಯ ಪಿಡಿಒ ಮೇಜಿಗೆ. ಕಳೆದ ಕೆಲವು ವರ್ಷಗಳಲ್ಲಿ ಇಂಥ ತಿದ್ದುಪಡಿಗಳು ಒಂದರ ಬೆನ್ನಿಗೊಂದು ಬಂದಿದ್ದು, ಕಾರವಾರ ಮತ್ತು ಶಿರಸಿ ಭಾಗದ ಜನರು ಕಚೇರಿಯ ಮೆಟ್ಟಿಲಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವಾಗಿವೆ. ಅವುಗಳಿಗೆ ಇಲ್ಲಿ ಉತ್ತರವಿದೆ. ಇದು ವಕೀಲರ ಸಲಹೆಗೆ ಬದಲಿಯಲ್ಲ. ವಕೀಲರ ಬಳಿ ಹೋಗುವ ಮುನ್ನ ಯಾವ ಕಾಗದ ಹಿಡಿದುಕೊಂಡು ಹೋಗಬೇಕು ಎಂಬುದು ತಿಳಿದಿರಲಿ ಎಂಬುದಷ್ಟೇ ಉದ್ದೇಶ.

ಈ ನಿಯಮಗಳನ್ನು ಮಾಡುವವರು ಯಾರು, ನಗರಸಭೆಯೋ ಸರ್ಕಾರವೋ?

ಮಾಡುವುದು ಸರ್ಕಾರ, ಜಾರಿಗೊಳಿಸುವುದು ಸ್ಥಳೀಯ ಸಂಸ್ಥೆ. ಕಾರವಾರ, ಶಿರಸಿ ಮತ್ತು ದಾಂಡೇಲಿಯ ನಗರಸಭೆಗಳು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಅಡಿಯಲ್ಲಿಯೂ, ಗ್ರಾಮ ಪಂಚಾಯಿತಿಗಳು 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ಅಡಿಯಲ್ಲಿಯೂ ಕೆಲಸ ಮಾಡುತ್ತವೆ. ಯಾವ ಜಾಗದಲ್ಲಿ ಮನೆ, ಯಾವ ಜಾಗದಲ್ಲಿ ಅಂಗಡಿ, ಯಾವುದು ತೋಟವಾಗಿಯೇ ಉಳಿಯಬೇಕು ಎಂಬ ವಲಯ ವಿಂಗಡಣೆಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ ಆಧಾರ. ಕೃಷಿ ಭೂಮಿಯನ್ನು ವಸತಿಗೆ ಬದಲಾಯಿಸುವುದಕ್ಕೆ (ಭೂಪರಿವರ್ತನೆ, ಜನರ ಬಾಯಲ್ಲಿ ಎನ್‌ಎ) 1964ರ ಭೂಕಂದಾಯ ಅಧಿನಿಯಮದ 95ನೇ ಕಲಂ ಆಧಾರ. ಈ ನಾಲ್ಕು ಕಾನೂನುಗಳ ಕಡತ ನಾಲ್ಕು ಕಚೇರಿಗಳಲ್ಲಿ ಇರುವುದರಿಂದಲೇ ಜನರು ಕಂಬ ಸುತ್ತುವಂತಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇವುಗಳ ಜೊತೆಗೆ ಇನ್ನೆರಡು ಸೇರಿಕೊಳ್ಳುತ್ತವೆ: ಘಟ್ಟದ ಮೇಲೆ ಅರಣ್ಯ ಕಾನೂನು, ಘಟ್ಟದ ಕೆಳಗೆ ಕಡಲಂಚಿನ ನಿಯಂತ್ರಣ ವಲಯದ ಅಧಿಸೂಚನೆ. ಕಡಲಂಚಿನ ಅಧಿಸೂಚನೆ ಕೇಂದ್ರ ಸರ್ಕಾರದ್ದು. ಅರಣ್ಯದ ವಿಷಯದಲ್ಲಿಯೂ ನಿರ್ಣಾಯಕವಾದವು ಕೇಂದ್ರದ ಕಾನೂನುಗಳೇ. ಆದ್ದರಿಂದ ಇವೆರಡನ್ನು ರಾಜ್ಯದ ತಿದ್ದುಪಡಿ ಸಡಿಲಿಸಲಾರದು.

ಸರ್ಕಾರದ ಕಾನೂನು ನಮ್ಮ ಊರಿಗೆ ಹೊಂದುವುದಿಲ್ಲವೆಂದು ನಗರಸಭೆ ಠರಾವು ಮಾಡಿದರೆ ಅದನ್ನು ಜಾರಿ ಮಾಡದೆ ಬಿಡಬಹುದೇ?

ಬಿಡಲಾಗದು. ಅಧಿನಿಯಮಕ್ಕೆ ವಿರುದ್ಧವಾದ ಠರಾವಿಗೆ ಬೆಲೆಯಿಲ್ಲ. ಅದನ್ನು ಮೇಲಿನವರು ರದ್ದುಪಡಿಸಬಹುದು. ಆದರೆ ಠರಾವು ಮಾಡುವುದೇ ವ್ಯರ್ಥ ಎಂಬ ಮಾತೂ ಸರಿಯಲ್ಲ. ಸಂವಿಧಾನದ 74ನೇ ತಿದ್ದುಪಡಿಯ ನಂತರ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಯೋಜನೆ, ಭೂಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ ಎಂಬ ವಿಷಯಗಳು ನಗರ ಸಂಸ್ಥೆಗಳ ಪಟ್ಟಿಯಲ್ಲಿವೆ. ಹನ್ನೊಂದನೇ ಅನುಸೂಚಿಯಲ್ಲಿ ಗ್ರಾಮೀಣ ವಸತಿ ಪಂಚಾಯಿತಿಗಳ ಪಟ್ಟಿಯಲ್ಲಿದೆ. ಈ ಪಟ್ಟಿಗಳಲ್ಲಿರುವ ಎಲ್ಲ ಅಧಿಕಾರವನ್ನೂ ರಾಜ್ಯ ಕೆಳಗೆ ಇಳಿಸಿಲ್ಲ ಎಂಬುದು ಬೇರೆ ಮಾತು. ಇಳಿಸಿರುವಷ್ಟನ್ನಾದರೂ ಸ್ಥಳೀಯ ಸಂಸ್ಥೆಗಳು ಪೂರ್ಣವಾಗಿ ಬಳಸುತ್ತವೆಯೇ ಎಂದು ಕೇಳಿದರೆ, ಇಲ್ಲವೆಂದೇ ನನ್ನ ಅನಿಸಿಕೆ. ಕರಡು ನಿಯಮಕ್ಕೆ ಆಕ್ಷೇಪಣೆ ಸಲ್ಲಿಸುವ ಅವಧಿಯಲ್ಲಿ ಸುಮ್ಮನಿದ್ದು, ನಿಯಮ ಅಂತಿಮವಾದ ಮೇಲೆ ಸಾಮಾನ್ಯ ಸಭೆಯಲ್ಲಿ ಮೇಜು ಕುಟ್ಟುವುದೇ ಹೆಚ್ಚು.

ಬಿ ಖಾತಾ ಎಂದರೇನು? ಈಗ ಅದರ ಮಾತು ಏಕೆ?

ನಗರಸಭೆ ಅಥವಾ ಪುರಸಭೆ ತನ್ನ ಮಿತಿಯೊಳಗಿನ ಪ್ರತಿಯೊಂದು ಸ್ವತ್ತನ್ನು ತೆರಿಗೆಗಾಗಿ ಪುಸ್ತಕದಲ್ಲಿ ದಾಖಲಿಸುತ್ತದೆ. ಭೂಪರಿವರ್ತನೆ, ಬಡಾವಣೆ ಅನುಮೋದನೆ ಎಲ್ಲವೂ ಸರಿಯಿರುವ ಸ್ವತ್ತುಗಳದು ಒಂದು ಪುಸ್ತಕ. ಅವು ಇಲ್ಲದೆಯೇ ಕ್ರಯಪತ್ರ ಮಾತ್ರ ಇರುವ ನಿವೇಶನ ಮತ್ತು ಮನೆಗಳದು ಇನ್ನೊಂದು. ಮೊದಲನೆಯದು ಎ ಖಾತಾ, ಎರಡನೆಯದು ಬಿ ಖಾತಾ. ಎರಡನೆಯ ಬಗೆಯ ಸ್ವತ್ತುಗಳು ಬಹುಕಾಲ ಯಾವ ಪುಸ್ತಕದಲ್ಲಿಯೂ ಸರಿಯಾಗಿ ಇರಲಿಲ್ಲ; ನೀರು, ರಸ್ತೆ, ಬೀದಿದೀಪ ಮಾತ್ರ ಬೇಕಾಗಿತ್ತು, ತೆರಿಗೆ ಬರುತ್ತಿರಲಿಲ್ಲ. ಇದನ್ನು ಸರಿಪಡಿಸಲು ಪುರಸಭೆಗಳ ಕಾನೂನಿಗೆ ತಿದ್ದುಪಡಿ ತಂದು, 2025ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಮೂರು ತಿಂಗಳ ಅಭಿಯಾನ ನಡೆಸಿ ಬಿ ಖಾತಾ ನೀಡುವಂತೆ ರಾಜ್ಯದ ನಗರ ಸಂಸ್ಥೆಗಳಿಗೆ ಸೂಚಿಸಿದರು. 2024ರ ಸೆಪ್ಟೆಂಬರ್ 10ಕ್ಕೆ ಮುಂಚೆ ನೋಂದಣಿಯಾದ ಸ್ವತ್ತುಗಳಿಗೆ ಈ ಅವಕಾಶ ಎಂಬುದು ಮಿತಿ. ಇದಕ್ಕೂ ಮುಂಚೆ, 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯೇ ಆಗದ ಸ್ಥಿತಿ ಬಂದಿತ್ತು. ಹೀಗಾಗಿ ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಐದು ಗುಂಟೆ ಮಾರಲು ಹೊರಟವರು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗಿದ್ದರು. ಅಭಿಯಾನಕ್ಕೆ ಸಾಲುಗಟ್ಟಿ ನಿಂತವರಲ್ಲಿ ಹೆಚ್ಚಿನವರು ಇಂಥವರೇ.

ಬಿ ಖಾತಾ ಕೈಗೆ ಬಂದರೆ ನನ್ನ ಮನೆ ಸಕ್ರಮವಾದಂತೆಯೇ?

ಅಲ್ಲ. ಈ ತಪ್ಪುಕಲ್ಪನೆಗೇ ಜನ ಹೆಚ್ಚಿನ ಬೆಲೆ ತೆರುತ್ತಿದ್ದಾರೆ.

ಖಾತಾ ಎಂಬುದು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂಬುದರ ದಾಖಲೆ. ಅದು ಒಡೆತನದ ಪತ್ರವೂ ಅಲ್ಲ, ಕಟ್ಟಡದ ಪರವಾನಗಿಯೂ ಅಲ್ಲ. ಅನಧಿಕೃತ ಸ್ವತ್ತಿನಿಂದ ತೆರಿಗೆ ವಸೂಲಿ ಮಾಡಿದ ಮಾತ್ರಕ್ಕೆ ಆ ಸ್ವತ್ತಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂಬ ನೆಲೆಯಲ್ಲಿಯೇ ಕಾನೂನು ನಿಂತಿದೆ. ಸಕ್ರಮಗೊಳಿಸುವ ಕಾನೂನು ಬೇರೆಯೇ ಇದೆ. ಯೋಜನಾ ಅಧಿನಿಯಮದ 76ಎಫ್‌ಎಫ್ ಕಲಂ, ಜನರ ಬಾಯಲ್ಲಿ ಅಕ್ರಮ-ಸಕ್ರಮ. ಅದನ್ನು ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಬಿ ಖಾತಾವನ್ನು ಆ ಯೋಜನೆಯ ಇನ್ನೊಂದು ಹೆಸರೆಂದು ತಿಳಿಯುವುದು ತಪ್ಪು.

ಇನ್ನೊಂದು ಎಚ್ಚರಿಕೆ. ಬೆಂಗಳೂರಿನಲ್ಲಿ ಬಿ ಖಾತಾವನ್ನು ಎ ಖಾತಾ ಮಾಡಿಕೊಡುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಅದೇ ಪತ್ರಿಕೆಯ ತುಣುಕನ್ನು ಇಲ್ಲಿನ ಪೌರಾಯುಕ್ತರ ಮುಂದಿಟ್ಟು ವಾದಿಸುವವರಿದ್ದಾರೆ. ಬೆಂಗಳೂರಿಗೆ ಪ್ರತ್ಯೇಕ ಆಡಳಿತ ಕಾನೂನು ಇದೆ. ಅಲ್ಲಿನ ಆದೇಶ ತಾನಾಗಿ ಇಲ್ಲಿಗೆ ಹರಿದು ಬರುವುದಿಲ್ಲ. ನಗರಾಭಿವೃದ್ಧಿ ಅಥವಾ ಪೌರಾಡಳಿತದ ಸುತ್ತೋಲೆ ನಿಮ್ಮ ನಗರಸಭೆಗೆ ಬಂದಿದೆಯೇ, ಅದರ ಸಂಖ್ಯೆ ಮತ್ತು ದಿನಾಂಕ ಏನು ಎಂದು ಕೇಳಿ ಬರೆದುಕೊಳ್ಳಬೇಕು.

ನಮ್ಮದು ಪಂಚಾಯಿತಿ ವ್ಯಾಪ್ತಿ. ನಮೂನೆ 9, 11ಎ, 11ಬಿ ಎಂದು ಹೇಳುತ್ತಾರೆ. ಯಾವುದು ಯಾವುದಕ್ಕೆ?

2013ರಿಂದ ಪಂಚಾಯಿತಿಗಳು ಇ-ಸ್ವತ್ತು ತಂತ್ರಾಂಶದ ಮೂಲಕ ಪಿಡಿಒ ಅವರ ಡಿಜಿಟಲ್ ಸಹಿಯೊಂದಿಗೆ ಈ ನಮೂನೆಗಳನ್ನು ಕೊಡುತ್ತಿವೆ. ಭೂಪರಿವರ್ತನೆ ಮತ್ತು ವಿನ್ಯಾಸ ಅನುಮೋದನೆ ಇರುವ ನಿವೇಶನ, ಅಳತೆಯಾದ ಗಾಂವಠಾಣದ (ದಾಖಲೆಯಲ್ಲಿ ಊರಿನ ವಸತಿಗೆಂದು ಗುರುತಿಸಿದ ಜಾಗ) ಒಳಗಿನ ಮನೆ, ಸರ್ಕಾರಿ ವಸತಿ ಯೋಜನೆಯಲ್ಲಿ ಮಂಜೂರಾದ ಜಾಗ ಇವುಗಳಿಗೆ 9 ಮತ್ತು 11ಎ. ಇವುಗಳಲ್ಲಿ ಯಾವುದಕ್ಕೂ ಸೇರದ ಸ್ವತ್ತಿಗೆ 11ಬಿ. ಇದನ್ನು ಹಳ್ಳಿಯ ಬಿ ಖಾತಾ ಎಂದು ತಿಳಿದರೆ ದೊಡ್ಡ ತಪ್ಪಾಗದು. 2025ರಲ್ಲಿ ಪಂಚಾಯತ್ ರಾಜ್ ಕಾನೂನಿಗೂ ತಿದ್ದುಪಡಿ ತಂದು, ಪುಸ್ತಕದ ಹೊರಗಿದ್ದ ಮನೆಗಳನ್ನು ತೆರಿಗೆಯ ವ್ಯಾಪ್ತಿಗೆ ತರಲಾಯಿತು.

ಅಜ್ಜನ ಕಾಲದ ಮನೆ. ಅರವತ್ತು ವರ್ಷದ ತೆರಿಗೆ ರಸೀದಿ ಇದೆ. ಆದರೂ 11ಬಿ ಕೊಡುತ್ತೇವೆ ಎನ್ನುತ್ತಾರಲ್ಲ?

ಈ ಪ್ರಶ್ನೆ ಕೇಳಿದ ಒಬ್ಬ ಹಿರಿಯ ತಾಯಿಯೊಂದಿಗೆ ನಾನೇ ಒಂದು ಪಂಚಾಯಿತಿಗೆ ಹೋಗಿದ್ದೆ. ಅವರು ಪ್ಲಾಸ್ಟಿಕ್ ಚೀಲದಿಂದ ತೆಗೆದ ರಸೀದಿಗಳಲ್ಲಿ ಎಷ್ಟೋ ಹಳದಿಯಾಗಿ ಮಡಿಕೆಯಲ್ಲಿ ಹರಿದಿದ್ದವು. ಒಂದರಲ್ಲಿ ಮನೆ ನಂಬರು 47, ಮುಂದಿನ ವರ್ಷದ್ದರಲ್ಲಿ 47/1, ಅದರ ಮುಂದಿನದರಲ್ಲಿ ಗಂಡನ ಹೆಸರಿನ ಕೊನೆಯ ಅಕ್ಷರವೇ ಬೇರೆ. ಗಣಕಯಂತ್ರದ ಮುಂದೆ ಕುಳಿತಿದ್ದ ಹುಡುಗನಿಗೆ ಅವರ ಮೇಲೆ ಅಪನಂಬಿಕೆ ಇರಲಿಲ್ಲ. ತಂತ್ರಾಂಶ ಕೇಳುತ್ತಿದ್ದುದು ರಸೀದಿಯನ್ನಲ್ಲ, ಆ ಮನೆ ಗಾಂವಠಾಣದ ಗೆರೆಯೊಳಗೆ ಇದೆಯೆಂಬ ಭೂಮಾಪನ ಇಲಾಖೆಯ ನಕ್ಷೆಯನ್ನು. ಆ ನಕ್ಷೆಗೆ ಅರ್ಜಿ ಹಾಕಬೇಕೆಂದು ಮೂರು ಭೇಟಿಗಳಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ.

ಆದ್ದರಿಂದ ಹಳೆಯ ಮನೆಯವರು ಮೊದಲು ಮಾಡಬೇಕಾದ ಕೆಲಸ ಅಳತೆಗೆ ಅರ್ಜಿ. ಮನೆ ಗಾಂವಠಾಣದೊಳಗೆ ಬಿದ್ದರೆ 9 ಮತ್ತು 11ಎ ಪಡೆಯುವ ದಾರಿ ತೆರೆಯುತ್ತದೆ. 2020ರಲ್ಲಿ ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಅಳತೆ ನಡೆದ ಊರುಗಳಲ್ಲಿ ಆಸ್ತಿ ಕಾರ್ಡು ತಯಾರಾಗಿದ್ದರೆ ಅದನ್ನೂ ನೋಡಬೇಕು. ನಮ್ಮಲ್ಲಿ ತೊಡಕಿರುವುದು ಬೇರೆ ಕಡೆ. ಬಯಲುಸೀಮೆಯಂತೆ ಇಲ್ಲಿ ಊರು ಒಂದೆಡೆ ಒತ್ತಾಗಿ ಇರುವುದಿಲ್ಲ; ತೋಟಕ್ಕೊಂದು, ಗದ್ದೆಯಂಚಿಗೊಂದು ಮನೆ. ಶಿರಸಿ, ಸಿದ್ದಾಪುರದ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಕೂಗಿದರೂ ಕೇಳದಷ್ಟು ದೂರ. ಇಂಥ ಮನೆ ಗಾಂವಠಾಣದ ಒಳಗೆ ಹೇಗೆ ಬಿದ್ದೀತು? ಅದು ಇರುವುದು ಭಾಗಾಯ್ತು (ತೋಟದ) ಸರ್ವೆ ನಂಬರಿನಲ್ಲಿ. ಒಂದೇ ಅಳತೆಗೋಲನ್ನು ಇಡೀ ರಾಜ್ಯಕ್ಕೆ ಹಿಡಿದ ನಿಯಮದಿಂದ ಮಲೆನಾಡಿನ ಮನೆಗಳಿಗೆ ಆಗುವ ಅನ್ಯಾಯ ಇದು, ಮತ್ತು ನಮ್ಮ ಪಂಚಾಯಿತಿಗಳು ಸರ್ಕಾರಕ್ಕೆ ಬರೆಯಬೇಕಾದ ಮೊದಲ ವಿಷಯವೂ ಇದೇ ಎಂದು ನನಗೆ ತೋರುತ್ತದೆ.

ಜಾಗ ಎನ್‌ಎ ಮಾಡಿಸುವುದು ಯಾರ ಕೈಯಲ್ಲಿದೆ?

ಜಿಲ್ಲಾಧಿಕಾರಿಗಳ ಕೈಯಲ್ಲಿ. ಹಿಸ್ಸೆಯ ಒಂದು ಭಾಗಕ್ಕೆ ಮಾತ್ರ ಪರಿವರ್ತನೆ ಬೇಕಿದ್ದರೆ ಮೊದಲು 11ಇ ನಕ್ಷೆ (ಆ ಭಾಗವನ್ನು ಅಳೆದು ಬೇರ್ಪಡಿಸಿ ತೋರಿಸುವ ಭೂಮಾಪನ ನಕ್ಷೆ) ಆಗಬೇಕು. ಮಹಾಯೋಜನೆಯಲ್ಲಿ (ಊರಿನ ಭೂಬಳಕೆಯನ್ನು ತೋರಿಸುವ ಮಾಸ್ಟರ್ ಪ್ಲಾನ್) ವಸತಿ ಎಂದೇ ಗುರುತಾದ ಜಾಗಕ್ಕೆ ಈ ಪ್ರಕ್ರಿಯೆಯನ್ನು ಹಗುರ ಮಾಡುವ ತಿದ್ದುಪಡಿಗಳನ್ನು ಸರ್ಕಾರ ಮೇಲಿಂದ ಮೇಲೆ ತಂದಿದೆ. ಆದರೆ ಅರ್ಜಿದಾರರ ಪ್ರಮಾಣಪತ್ರದ ಮೇಲೆ ಬೇಗ ಸಿಗುವ ಪರಿವರ್ತನೆಯಲ್ಲಿ, ಆ ಪ್ರಮಾಣಪತ್ರ ಸುಳ್ಳೆಂದು ಕಂಡುಬಂದರೆ ಹೊಣೆಯೂ ಅರ್ಜಿದಾರರದೇ. ಏಜೆಂಟರು ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಬಾರದು.

ಎನ್‌ಎ ಆಗಿದೆ ಎಂದು ಹೇಳಿ ನಿವೇಶನ ಮಾರುತ್ತಿದ್ದಾರೆ. ತೆಗೆದುಕೊಳ್ಳಬಹುದೇ?

ಎನ್‌ಎ ಅರ್ಧ ದಾರಿ ಮಾತ್ರ. ಒಂದು ಎಕರೆಯನ್ನು ಪರಿವರ್ತಿಸಿ ಅದನ್ನು ಹತ್ತು ತುಂಡು ಮಾಡಿ ಮಾರುವುದಾದರೆ ಯೋಜನಾ ಅಧಿನಿಯಮದ 17ನೇ ಕಲಂ ಪ್ರಕಾರ ವಿನ್ಯಾಸ ನಕ್ಷೆಗೆ ಮಂಜೂರಾತಿ ಬೇಕು. ಕಾರವಾರದ ಯೋಜನಾ ಪ್ರದೇಶದಲ್ಲಿ ಇದು ನಗರಾಭಿವೃದ್ಧಿ ಪ್ರಾಧಿಕಾರದ ಕೆಲಸ. ಯೋಜನಾ ಪ್ರದೇಶದ ಹೊರಗಿನ ಹಳ್ಳಿಗಳಲ್ಲಿ ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆಯ ತಾಂತ್ರಿಕ ಅನುಮೋದನೆ ಬೇಕಾಗುತ್ತದೆ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗವನ್ನು ಸ್ಥಳೀಯ ಸಂಸ್ಥೆಗೆ ಉಚಿತವಾಗಿ ಬಿಟ್ಟುಕೊಟ್ಟ ಮೇಲೆಯೇ ನಿವೇಶನಗಳು ಹಂತ ಹಂತವಾಗಿ ಬಿಡುಗಡೆಯಾಗುತ್ತವೆ. ಜಾಗ 500 ಚದರ ಮೀಟರ್ ಮೀರಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಇರಬೇಕು. ಮಾರುವವರು ತೋರಿಸುವ ನಕ್ಷೆಯಲ್ಲಿ ಬಣ್ಣ ಚೆನ್ನಾಗಿರುತ್ತದೆ. ಮೂಲೆಯಲ್ಲಿ ಪ್ರಾಧಿಕಾರದ ಮೊಹರು ಮತ್ತು ಕಡತದ ಸಂಖ್ಯೆ ಇದೆಯೇ ಎಂದು ನೋಡಿ.

ಮಹಾಯೋಜನೆಯಲ್ಲಿ ನಮ್ಮ ಜಾಗ ಹಸಿರು ಬಣ್ಣದಲ್ಲಿದೆ. ಬದಲಾಯಿಸಲು ಆಗುವುದೇ?

ಯೋಜನಾ ಅಧಿನಿಯಮದ 14ಎ ಕಲಂ ಅಡಿಯಲ್ಲಿ ಭೂಬಳಕೆ ಬದಲಾವಣೆಗೆ ಅರ್ಜಿ ಹಾಕಬಹುದು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಆಲಿಸಿದ ಮೇಲೆ ತೀರ್ಮಾನ. ಇದಕ್ಕಿಂತ ಉತ್ತಮವಾದದ್ದು ಯೋಜನೆ ತಯಾರಾಗುವಾಗಲೇ ಮಾತನಾಡುವುದು. ಹತ್ತು ವರ್ಷಕ್ಕೊಮ್ಮೆಯಾದರೂ ಮಹಾಯೋಜನೆಯ ಪರಿಷ್ಕರಣೆ ಆಗಬೇಕೆಂಬ ನಿಯಮವಿದ್ದು, ಕರಡು ಪ್ರಕಟವಾದಾಗ ಆಕ್ಷೇಪಣೆಗೆ 60 ದಿನಗಳ ಅವಕಾಶ ಇರುತ್ತದೆ. ಆ ದಿನಗಳಲ್ಲಿ ನಕ್ಷೆಯನ್ನು ಕಚೇರಿಯ ಗೋಡೆಗೆ ತೂಗುಹಾಕಿರುತ್ತಾರೆ. ಅದರ ಮುಂದೆ ನಿಂತು ತನ್ನ ಸರ್ವೆ ನಂಬರನ್ನು ಬೆರಳಿಟ್ಟು ಹುಡುಕುವ ಜನ ಬಹಳ ಕಡಿಮೆ. ಹುಡುಕಿದವರ ಆಕ್ಷೇಪಣೆಗೆ ಲಿಖಿತ ದಾಖಲೆ ಉಳಿಯುತ್ತದೆ.

ಸಮುದ್ರದಿಂದ ಎಷ್ಟು ದೂರದಲ್ಲಿ ಮನೆ ಕಟ್ಟಬಹುದು?

ಒಂದು ಅಂಕಿಯಲ್ಲಿ ಉತ್ತರ ಹೇಳುವವರನ್ನು ನಂಬಬೇಡಿ. 1991ರಲ್ಲಿ ಮೊದಲ ಅಧಿಸೂಚನೆ, 2011ರಲ್ಲಿ ಎರಡನೆಯದು, 2019ರ ಜನವರಿ 18ರಂದು ಮೂರನೆಯದು ಬಂದಿದೆ. ಈಗಿನದು ಕಡಲತೀರವನ್ನು ಬೇರೆ ಬೇರೆ ವರ್ಗ ಮಾಡುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮರಳ ದಿಬ್ಬ ಮೊದಲಾದ ಸೂಕ್ಷ್ಮ ಜಾಗಗಳು ಒಂದನೇ ವಲಯ. ಅಲ್ಲಿ ಮನೆಯ ಮಾತಿಲ್ಲ. ಪಟ್ಟಣದ ಮಿತಿಯೊಳಗೆ ಈಗಾಗಲೇ ಕಟ್ಟಡ, ರಸ್ತೆ ಆಗಿರುವ ಭಾಗ ಎರಡನೇ ವಲಯ. ಅಲ್ಲಿ ಈಗಿರುವ ಅಧಿಕೃತ ರಸ್ತೆ ಅಥವಾ ಕಟ್ಟಡದ ಸಾಲಿನಿಂದ ಭೂಮಿಯ ಬದಿಗೆ ಸ್ಥಳೀಯ ನಿಯಮದಂತೆ ಕಟ್ಟಬಹುದು. ಹಳ್ಳಿಗಳು ಮೂರನೇ ವಲಯ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಯಾದರೆ ಭರತ ರೇಖೆಯಿಂದ (ಉಬ್ಬರದ ನೀರು ತಲುಪುವ ಗಡಿ) 50 ಮೀಟರ್, ಅದಕ್ಕಿಂತ ಕಡಿಮೆ ಜನರಿರುವ ಹಳ್ಳಿಯಾದರೆ 200 ಮೀಟರ್ ನಿರ್ಮಾಣ ನಿಷಿದ್ಧ. ಉಬ್ಬರವಿಳಿತದ ನೀರು ಒಳಹೋಗುವ ನದಿ ಮತ್ತು ಕೋಡಿಗಳ ದಂಡೆಯಲ್ಲಿ 50 ಮೀಟರ್ ಅಥವಾ ಕೋಡಿಯ ಅಗಲ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಲ್ಲಿ ಉಪ್ಪುನೀರು ಬಹುದೂರ ಒಳಗೆ ಬರುವುದರಿಂದ, ಸಮುದ್ರವೇ ಕಾಣದ ಊರಿನವರೂ ಈ ನಿಯಮಕ್ಕೆ ಸಿಗುತ್ತಾರೆ.

ಮುಖ್ಯವಾದ ತೊಡಕು ಎಂದರೆ ಭರತ ರೇಖೆ ನೆಲದ ಮೇಲೆ ಕಾಣುವುದಿಲ್ಲ. ಅದು ಕಡಲತೀರ ನಿರ್ವಹಣಾ ನಕ್ಷೆಯಲ್ಲಿದೆ. ಹುಣ್ಣಿಮೆಯ ಭರತದ ದಿನ ನೀರು ಎಲ್ಲಿಯವರೆಗೆ ಬಂತು ಎಂದು ತೋರಿಸಿ ವಾದಿಸಿದರೆ ಉಪಯೋಗವಿಲ್ಲ. ಕಾರವಾರದಲ್ಲಿರುವ ಪ್ರಾದೇಶಿಕ ನಿರ್ದೇಶಕರ, ಪರಿಸರ ವಿಭಾಗದ ಕಚೇರಿಯಲ್ಲಿ ಸರ್ವೆ ನಂಬರು ಕೊಟ್ಟು ವಿಚಾರಿಸುವುದು ಸರಿಯಾದ ದಾರಿ. ಒಟ್ಟು 300 ಚದರ ಮೀಟರ್‌ವರೆಗಿನ ಸ್ವಂತ ವಾಸದ ಮನೆಗೆ, ನಿಯಮಕ್ಕೆ ಒಳಪಟ್ಟ ಜಾಗದಲ್ಲಿದ್ದರೆ, ರಾಜ್ಯ ಪ್ರಾಧಿಕಾರದವರೆಗೆ ಹೋಗದೆ ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದೆಂದು 2019ರ ಅಧಿಸೂಚನೆ ಹೇಳುತ್ತದೆ. ಆದರೆ ಆ ಸಂಸ್ಥೆ ಅಧಿಸೂಚನೆಯನ್ನು ಎದುರಿಗಿಟ್ಟುಕೊಂಡು ಪರಿಶೀಲಿಸಬೇಕು. ಅಧಿಕಾರ ಬಂದಿದ್ದರೂ ಕೆಲವು ಕಡೆ ಕಡತವನ್ನು ಮೇಲಕ್ಕೆ ತಳ್ಳಿ ಕೈತೊಳೆದುಕೊಳ್ಳುವ ಅಭ್ಯಾಸ ಹೋಗಿಲ್ಲ. ಸಹಿ ಹಾಕಿದರೆ ನಾಳೆ ತನಿಖೆ ಬಂದೀತೆಂಬ ಅಂಜಿಕೆ ಇದಕ್ಕೆ ಕಾರಣ, ಅದು ಅರ್ಥವಾಗದ ಅಂಜಿಕೆಯೂ ಅಲ್ಲ.

ನಿರ್ಮಾಣ ನಿಷಿದ್ಧವಾದ ಅಂತರದೊಳಗೆ ಹಳೆಯ ಅಧಿಕೃತ ಮನೆ ಇದ್ದರೆ ಅದೇ ತಳಪಾಯದ ಅಳತೆ ಮತ್ತು ಅದೇ ಪ್ರಮಾಣದಲ್ಲಿ ದುರಸ್ತಿ, ಪುನರ್ನಿರ್ಮಾಣಕ್ಕೆ ಅವಕಾಶವಿದೆ. ಮೀನುಗಾರ ಕೇರಿಗಳವರಿಗೆ ಇದು ಜೀವದಷ್ಟೇ ಮುಖ್ಯ. ಹಳೆಯ ಮನೆಯನ್ನು ಕೆಡವುವ ಮುನ್ನ ಅದರ ಅಳತೆ, ಫೋಟೊ, ಹಳೆಯ ತೆರಿಗೆ ದಾಖಲೆಯನ್ನು ಇಟ್ಟುಕೊಳ್ಳಬೇಕು. ಕೆಡವಿದ ಮೇಲೆ ಇತ್ತೆಂದು ಸಾಬೀತು ಮಾಡುವುದು ಕಷ್ಟ.

ಗಜನಿ (ಉಪ್ಪುನೀರಿನ ಗದ್ದೆ) ಭೂಮಿಯ ಪಹಣಿ ನಮ್ಮ ಹೆಸರಿನಲ್ಲಿದೆ. ಅಲ್ಲಿ ಮನೆ?

ಮಾಲ್ಕಿ (ಒಡೆತನ) ಇರುವುದು ಮನೆ ಕಟ್ಟಲು ಸಾಲದು. ಗಜನಿಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ: 1991ರ ಫೆಬ್ರವರಿ 19ಕ್ಕೆ ಮುಂಚೆ ಕಟ್ಟಿದ ಒಡ್ಡು ಅಥವಾ ನೀರು ತಡೆಯುವ ಗೇಟು ಇದ್ದರೆ ಭರತ ರೇಖೆ ಆ ಒಡ್ಡಿನಲ್ಲಿಯೇ ನಿಲ್ಲುತ್ತದೆ. ಒಡ್ಡು ಒಡೆದು ಉಪ್ಪುನೀರು ನುಗ್ಗಿ ಒಳಗೆ ಕಾಂಡ್ಲಾ ಬೆಳೆದಿದ್ದರೆ ಮಾತ್ರ ಆ ಭಾಗ ಒಂದನೇ ವಲಯಕ್ಕೆ ಸೇರುತ್ತದೆ. ಕುಮಟಾ ತಾಲೂಕಿನ ಅಘನಾಶಿನಿ ದಂಡೆಯಲ್ಲಿ ಕಗ್ಗ ಭತ್ತ ಬಿಟ್ಟು ಪಾಳು ಬಿದ್ದ ಗಜನಿಗಳ ಒಡೆಯರು ಇದನ್ನು ಗಮನಿಸಬೇಕು. ಒಡ್ಡಿನ ದುರಸ್ತಿ ಬೇಸಾಯದ ವಿಷಯ ಮಾತ್ರವಲ್ಲ.

ಜಗುಲಿ ಮಾಲ್ಕಿಯಲ್ಲಿ, ಕೊಟ್ಟಿಗೆ ಬೆಟ್ಟದಲ್ಲಿ. ಖಾತಾ ಸಿಗುವುದೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಸೀಮೆಯಲ್ಲಿ ಇದು ಊಹೆಯ ಪ್ರಶ್ನೆಯಲ್ಲ. ಒಂದೇ ಸೂರಿನ ಕೆಳಗೆ ಎರಡು ಕಾನೂನು. ಸೊಪ್ಪಿನ ಬೆಟ್ಟ ತೋಟಕ್ಕೆ ಸೊಪ್ಪು, ದರಕು ತರುವ ಸೌಲಭ್ಯವೇ ಹೊರತು ಒಡೆತನವಲ್ಲ, ಅದು ಅರಣ್ಯ. ಜಿಲ್ಲೆಯ ಮುಕ್ಕಾಲು ಪಾಲಿಗೂ ಹೆಚ್ಚು ಭೂಮಿ ಅರಣ್ಯವಾಗಿರುವುದರಿಂದ ಪಂಚಾಯಿತಿಯ ಖಾತಾ ಅಭಿಯಾನ ಎಷ್ಟೇ ಜೋರಾಗಿ ನಡೆದರೂ ಅದು ಅರಣ್ಯದ ಗಡಿಯಲ್ಲಿ ನಿಲ್ಲಲೇಬೇಕು. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮಗೊಳಿಸುವ ಭೂಕಂದಾಯ ಅಧಿನಿಯಮದ 94ಸಿ ಗ್ರಾಮೀಣ ಭಾಗಕ್ಕೆ, 94ಸಿಸಿ ನಗರ ಭಾಗಕ್ಕೆ ಇದೆ. ಇವು ಕಂದಾಯ ಭೂಮಿಗೆ ಮಾತ್ರ, ಅರಣ್ಯಕ್ಕಲ್ಲ. 94ಸಿ ಅರ್ಜಿ ತಿರಸ್ಕೃತವಾಯಿತೆಂದು ತಹಶೀಲ್ದಾರರನ್ನು ದೂರುವವರಲ್ಲಿ ಅನೇಕರ ಸರ್ವೆ ನಂಬರು ಅರಣ್ಯದ ಪಟ್ಟಿಯಲ್ಲಿರುತ್ತದೆ.

ಅರಣ್ಯದಲ್ಲಿ ಬಹುಕಾಲದಿಂದ ವಾಸವಾಗಿರುವವರಿಗೆ ಇರುವ ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ವಾಸವಿರಬೇಕು. ಪರಿಶಿಷ್ಟ ಪಂಗಡಕ್ಕೆ ಸೇರದವರಾದರೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸದ ಆಧಾರ ಒದಗಿಸಬೇಕು. ಜಿಲ್ಲೆಯ ಅತಿಕ್ರಮಣದಾರರ ಅರ್ಜಿಗಳು ಹೆಚ್ಚಾಗಿ ಮುಗ್ಗರಿಸುವುದು ಈ 75 ವರ್ಷದ ಕಲ್ಲಿಗೆ. ಇಲ್ಲಿ ಮೊದಲ ತೀರ್ಮಾನ ಗ್ರಾಮಸಭೆಯದು, ನಂತರ ಉಪವಿಭಾಗ ಸಮಿತಿ, ಕೊನೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ಹಕ್ಕುಪತ್ರ ಸಿಕ್ಕರೆ ಅದು ಮಕ್ಕಳಿಗೆ ಬರುತ್ತದೆ, ಆದರೆ ಮಾರಲು ಬರುವುದಿಲ್ಲ.

ಗುಡ್ಡ ಕಡಿದು ಸಮತಟ್ಟು ಮಾಡಲು ಪ್ರತ್ಯೇಕ ಅನುಮತಿ ಬೇಕೇ?

ಮಣ್ಣು ಸಾಗಿಸುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನು ಕೇಳಬೇಕು. ಅನುಮತಿಯ ಮಾತು ಹಾಗಿರಲಿ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಬಳಿಯ ಕಡವಾಡ ಝರಿವಾಡದಲ್ಲಿ ಮನೆಗಳು ಮಣ್ಣಿನಡಿ ಸೇರಿದ್ದನ್ನು, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿಗೆ ಇಳಿದದ್ದನ್ನು ಕಂಡ ಮೇಲೆಯೂ, ಜೆಸಿಬಿ ತಂದು ಎರಡು ಆಳು ಎತ್ತರ ನೆಟ್ಟಗೆ ಕಡಿದು ಅದರ ಬುಡದಲ್ಲಿ ಅಡಿಗೆಮನೆ ಕಟ್ಟುವ ನಕ್ಷೆಗೆ ಮಂಜೂರಾತಿ ಕೊಡುವಾಗ ಸ್ಥಳೀಯ ಸಂಸ್ಥೆ ನೀರು ಹರಿಯುವ ದಾರಿಯನ್ನಾದರೂ ಕೇಳಬೇಕಲ್ಲವೇ. ನಿಮ್ಮ ಇಂಜಿನಿಯರ್ ಕೇಳದಿದ್ದರೆ ನೀವೇ ಕೇಳಿ.

ಮನೆ ಮುಗಿದಿದೆ, ಹೆಸ್ಕಾಂ ಮೀಟರು ಕೊಡುತ್ತಿಲ್ಲ. ಏಕೆ?

2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪ್ರಮಾಣಪತ್ರ (ಒಸಿ) ನೋಡಿದ ನಂತರವೇ ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕ ಕೊಡಬೇಕೆಂದು ಹೇಳಿದೆ. ಅದರ ಪರಿಣಾಮವಾಗಿ 2025ರಿಂದ ವಿದ್ಯುತ್ ಕಂಪನಿಗಳು ಒಸಿ ಕೇಳತೊಡಗಿದವು. 1,200 ಚದರ ಅಡಿವರೆಗಿನ ಚಿಕ್ಕ ನಿವೇಶನಗಳ ಮನೆಗಳಿಗೆ ವಿನಾಯಿತಿ ನೀಡುವತ್ತ ಸರ್ಕಾರ ಆ ಬಳಿಕ ಹೆಜ್ಜೆ ಇಟ್ಟಿತು. ಒಸಿಯಿಂದ ವಿನಾಯಿತಿ ಎಂದರೆ ನಕ್ಷೆ ಮಂಜೂರಾತಿಯಿಂದಲೂ ವಿನಾಯಿತಿ ಎಂದು ಭಾವಿಸಬಾರದು. ಪರವಾನಗಿಯಲ್ಲಿರುವಂತೆ ಕಟ್ಟಿದವರು ಹೆದರಬೇಕಾಗಿಲ್ಲ; ಮಂಜೂರಾದದ್ದು ಒಂದು ಮಹಡಿ, ಎದ್ದದ್ದು ಮೂರು ಎಂಬಲ್ಲಿ ಮಾತ್ರ ಕಷ್ಟ.

ಹೊರಗಿನವರು ಬಂದು ಗದ್ದೆ ಕೊಂಡು ಹೋಮ್‌ಸ್ಟೇ ಮಾಡುತ್ತಿದ್ದಾರೆ. ಪಂಚಾಯಿತಿ ತಡೆಯಬಹುದೇ?

ಕೊಳ್ಳುವುದನ್ನು ತಡೆಯಲಾಗದು. 2020ರಲ್ಲಿ ಭೂಸುಧಾರಣಾ ಕಾನೂನಿನ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಪಂಚಾಯಿತಿಯ ಹಿಡಿತ ಇರುವುದು ಬಳಕೆಯ ಮೇಲೆ: ಪರಿವರ್ತನೆಯಾಗಿದೆಯೇ, ವಸತಿಗೆಂದು ಪಡೆದ ಪರವಾನಗಿಯಲ್ಲಿ ವ್ಯಾಪಾರ ನಡೆದಿದೆಯೇ, ಕೊಳಚೆ ನೀರು ಎಲ್ಲಿಗೆ ಹೋಗುತ್ತಿದೆ. ಗೋಕರ್ಣದ ಸುತ್ತಮುತ್ತ ಬಾವಿಗಳ ನೀರು ನೋಡಿದವರಿಗೆ ಮೂರನೆಯ ಪ್ರಶ್ನೆ ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅರ್ಜಿ ಕೊಟ್ಟು ತಿಂಗಳುಗಳಾದವು. ಯಾರಿಗೆ ಹೇಳುವುದು?

ಮೊದಲು ನಿಮ್ಮ ಬಳಿ ಸಕಾಲದ ಸ್ವೀಕೃತಿ ಸಂಖ್ಯೆ ಇದೆಯೇ ನೋಡಿ. 2011ರ ಸಕಾಲ ಕಾನೂನಿನಲ್ಲಿ ಪಟ್ಟಿಯಾದ ಸೇವೆಗೆ ಗಡುವು ಮೀರಿದರೆ ಮೇಲ್ಮನವಿಗೆ ಅವಕಾಶವಿದೆ. ಕೈಬರಹದ ಅರ್ಜಿಯನ್ನು ಮೇಜಿನ ಮೇಲಿಟ್ಟು ಬಂದವರಿಗೆ ಗಡುವೂ ಇಲ್ಲ, ಮೇಲ್ಮನವಿಯೂ ಇಲ್ಲ. ತಹಶೀಲ್ದಾರರ ಆದೇಶದ ವಿರುದ್ಧ ಉಪವಿಭಾಗಾಧಿಕಾರಿಗಳ ಬಳಿ ಹೋಗಬಹುದು. ತಿರಸ್ಕಾರವನ್ನು ಬಾಯಿಮಾತಿನಲ್ಲಿ ಒಪ್ಪದೆ ಕಾರಣ ಬರೆದ ಹಿಂಬರಹ ಪಡೆದರೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತದೆ.

ಅಳತೆಗೆ ಯಾವ ತಿಂಗಳು ಒಳ್ಳೆಯದು?

ಅರ್ಜಿಯನ್ನು ಯಾವಾಗ ಬೇಕಾದರೂ ಹಾಕಬಹುದು. ಆದರೆ ಆಷಾಢದಲ್ಲಿ ಅಳತೆಯವರನ್ನು ಕರೆಸಿದರೆ ಗದ್ದೆಯ ಹಾಳಿ (ಬದು) ನೀರಿನಡಿ, ಗಡಿಕಲ್ಲು ಜಿಗ್ಗಿನ (ಪೊದೆಯ) ಅಡಿ. ಮೊಣಕಾಲು ನೀರಿನಲ್ಲಿ ನಿಂತು ಅಂದಾಜಿಗೆ ಗೂಟ ಹೊಡೆದು ಹೋಗುತ್ತಾರೆ, ಮುಂದಿನ ವರ್ಷ ನೆರೆಯವರು ಆ ಗೂಟವನ್ನು ಒಪ್ಪುವುದಿಲ್ಲ. ದೀಪಾವಳಿ ಕಳೆದು ಕೊಯ್ಲಾದ ಮೇಲೆ, ಪಕ್ಕದ ಹಿಸ್ಸೆಯವರಿಗೂ ನೋಟಿಸು ಮುಟ್ಟಿರುವಂತೆ ನೋಡಿಕೊಂಡು, ಅವರ ಎದುರಿನಲ್ಲಿಯೇ ಚಿರೆಕಲ್ಲು ನೆಡಿಸಿ.